ಗುರುತು ಸಿಕ್ಕವರು ಹೊರಗೆ

ಅರ್ಜಿಗಳನ್ನು ಹೆಸರು ಮುಚ್ಚಿ ಓದಬೇಕು ಎಂಬ ನಿಯಮ ತಂದವಳೇ ತಕ್ಕಡಿಯಮ್ಮ. ಅದು ಒಂದು ದಿನ ತನ್ನ ಕೊರಳಿಗೇ ಸುತ್ತಿಕೊಳ್ಳುತ್ತದೆಂದು ಅವಳಿಗೆ ಕನಸಲ್ಲೂ ಹೊಳೆದಿರಲಿಲ್ಲ. ಹೊಳೆದಿದ್ದರೂ ತಂದೇ ತರುತ್ತಿದ್ದಳು ಅನ್ನಿ. ಅವಳ ಜಾಯಮಾನವೇ ಅಂಥದ್ದು.

ಮೂವತ್ತೆರಡು ವರ್ಷ ಅವಳು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವಳು. ಅಂಗಡಿ ಅಂಗಡಿ ಸುತ್ತಿ, ತಕ್ಕಡಿಯ ತಟ್ಟೆಯಲ್ಲಿ ಸರ್ಕಾರಿ ತೂಕದ ಬಟ್ಟು ಇಟ್ಟು, ಮುಳ್ಳು ಕೂದಲೆಳೆಯಷ್ಟು ಆಚೀಚೆ ಸರಿದರೂ ಸೀಲು ಹಾಕಿಸಿ ಬರುತ್ತಿದ್ದಳು. ಬೀದಿಯ ತುದಿಯಲ್ಲಿ ಅವಳ ಛತ್ರಿ ಕಂಡರೆ ಸಾಕು, ವ್ಯಾಪಾರಿಗಳು ಗಡಿಬಿಡಿಯಲ್ಲಿ ತಟ್ಟೆ ಒರೆಸತೊಡಗುತ್ತಿದ್ದರು. ತಕ್ಕಡಿಯಮ್ಮ ಎಂಬ ಹೆಸರನ್ನು ಇಟ್ಟದ್ದೂ ಅವರೇ, ಬೈಗುಳವಾಗಿ. ಅವಳು ಅದನ್ನು ಬಿರುದು ಎಂದುಕೊಂಡು ಹೊತ್ತು ತಿರುಗಿದಳು. ನಿವೃತ್ತಿಯಾದ ಮೇಲೆ ಸ್ವಲ್ಪ ದಿನ ಅಕ್ಕಪಕ್ಕದವರ ತಪ್ಪು ಹುಡುಕುತ್ತಾ ಕೂತಿದ್ದಳು. ಆಮೇಲೆ ಅದೂ ಬೇಜಾರಾಗಿ ಎಂಟು ಮಂಚದ ಮನೆಯ ಸಮಿತಿಗೆ ಸೇರಿಕೊಂಡಳು.

ಬೋರ್ಡಿನ ಮೇಲೆ ಬರೆದಿರುವುದು ಹಾಸ್ಪಿಸ್ ಎಂದು. ಜನರ ಬಾಯಲ್ಲಿ ಅದು ಎಂಟು ಮಂಚದ ಮನೆ, ಏಕೆಂದರೆ ಒಳಗಿರುವುದು ಎಂಟೇ ಮಂಚ. ದೊಡ್ಡಾಸ್ಪತ್ರೆಯವರು ಇನ್ನು ನಮ್ಮ ಕೈಲಿಲ್ಲ ಎಂದು ಕಳಿಸಿದವರು ಅಲ್ಲಿಗೆ ಬರುತ್ತಾರೆ. ಅಲ್ಲಿ ಕಾಯಿಲೆ ವಾಸಿ ಮಾಡುವುದಿಲ್ಲ. ನೋವು ಇಳಿಸುತ್ತಾರೆ, ಮೈ ಒರೆಸುತ್ತಾರೆ, ಗಂಟೆ ಒತ್ತಿದರೆ ಯಾರಾದರೂ ಬಂದು ಕೈ ಹಿಡಿದು ಕೂರುತ್ತಾರೆ. ಬಡಾವಣೆಯ ಜನ ಸೇರಿ ಕಟ್ಟಿದ ಮನೆ ಅದು, ನಡೆಸುವವರೂ ಬಡಾವಣೆಯವರೇ. ಸಮಿತಿಯಲ್ಲಿ ಏಳು ಜನ. ಸಂಬಳವಿಲ್ಲ, ಸಾರಿಗೆ ಭತ್ಯೆ ಇಲ್ಲ, ಸಭೆಯಲ್ಲಿ ಕುಡಿಯುವ ಚಹಾವನ್ನೂ ಮನೆಯಿಂದ ಫ್ಲಾಸ್ಕಿನಲ್ಲಿ ತರಬೇಕು. ಇಷ್ಟಿದ್ದೂ ಹದಿನೈದು ದಿನಕ್ಕೊಂದು ಗುರುವಾರ, ಸಂಜೆ ಐದು ಗಂಟೆಗೆ, ಏಳೂ ಜನ ತಪ್ಪದೆ ಬಂದು ಕೂರುತ್ತಿದ್ದರು. ಮಂಚ ಎಂಟು, ಅರ್ಜಿ ಇಪ್ಪತ್ತು, ಮೂವತ್ತು. ಯಾರಿಗೆ ಕೊಡಬೇಕು, ಯಾರಿಗೆ ಇಲ್ಲ ಎನ್ನುವುದೇ ಅವರ ಕೆಲಸ. ಇಂಥ ಕೆಲಸವನ್ನು ಪುಕ್ಕಟೆ ಮಾಡಲು ಯಾಕೆ ಬರುತ್ತೀರಿ ಎಂದು ಕೇಳಿದರೆ ಏಳು ಜನರೂ ಬೇರೆ ಬೇರೆ ಉತ್ತರ ಕೊಡುತ್ತಿದ್ದರು, ಒಂದೂ ಪೂರ್ತಿ ನಿಜವಲ್ಲ.

ಹಿಂದಿನ ಅಧ್ಯಕ್ಷರ ಕಾಲದಲ್ಲಿ ಅವರ ಅತ್ತೆ ಹನ್ನೊಂದು ಜನರನ್ನು ದಾಟಿ ಬಂದು ಕಿಟಕಿ ಪಕ್ಕದ ಮಂಚದಲ್ಲಿ ಮಲಗಿದ್ದರು. ಅದು ಗುಲ್ಲಾಯಿತು. ಆಗ ತಕ್ಕಡಿಯಮ್ಮ ಪಟ್ಟು ಹಿಡಿದು ನಿಯಮ ಮಾಡಿಸಿದಳು. ಕಚೇರಿಯ ಹುಡುಗಿ ಪ್ರತಿ ಅರ್ಜಿಯ ಹೆಸರು, ವಿಳಾಸದ ಮೇಲೆ ಕಾಗದದ ಪಟ್ಟಿ ಅಂಟಿಸಿ ನಂಬರು ಬರೆಯಬೇಕು. ಅಕ್ಷರದ ಗುರುತು ಸಿಗದಂತೆ ಅಧ್ಯಕ್ಷರೇ ಗಟ್ಟಿಯಾಗಿ ಓದಬೇಕು. ಅಷ್ಟಾಗಿಯೂ ಯಾರಿಗಾದರೂ ಇದು ನಮ್ಮವರದು ಎಂದು ತಿಳಿದರೆ, ಎದ್ದು ನಿಂತು 'ಗುರುತು ಸಿಕ್ಕಿತು' ಎಂದು ಹೇಳಿ, ಯಾರೆಂದು ತಿಳಿಸಿ, ಹೊರಗೆ ಜಗುಲಿಯಲ್ಲಿ ಕೂರಬೇಕು. ಉಳಿದವರು ತೀರ್ಮಾನಿಸುತ್ತಾರೆ. ಈ ನಿಯಮವನ್ನು ಮುಂಬಾಗಿಲ ಪಕ್ಕದ ನೋಟೀಸು ಬೋರ್ಡಿನಲ್ಲೂ ಹಾಕಿದ್ದರು.

ನಿಯಮ ಬಂದ ಮೇಲೆ ಒಂದೇ ಒಂದು ಸಲ ಒಬ್ಬರು ಎದ್ದು ನಿಂತಿದ್ದರು. ಮಂಚಗಳನ್ನೆಲ್ಲ ಮಾಡಿಕೊಟ್ಟ ಬಡಗಿ. "ಗುರುತು ಸಿಕ್ತು, ನಂಗೆ ಕೆಲಸ ಕಲಿಸಿದ ಗುರುಗಳು" ಎಂದವರು ಕಣ್ಣೊರೆಸಿಕೊಂಡು ಹೊರನಡೆದರು. ಅವರು ಜಗುಲಿ ಮುಟ್ಟುವ ಮೊದಲೇ ಉಳಿದವರು ಹಿಂದುಮುಂದು ನೋಡದೆ ಆ ಅರ್ಜಿಗೆ ಮಂಚ ಕೊಟ್ಟುಬಿಟ್ಟರು. ಬೇಡವೆಂದವಳು ತಕ್ಕಡಿಯಮ್ಮ ಒಬ್ಬಳೇ. "ಇದು ಆರಿಸೋದಲ್ಲ, ಮುಲಾಜು! ಇವತ್ತು ಅವರ ಮುಖ ನೋಡಿದ್ರಿ, ನಾಳೆ ನನ್ನ ಮುಖ ನೋಡ್ತೀರಿ" ಎಂದು ಮೇಜು ಗುದ್ದಿದ್ದಳು. ಬಡಗಿ ಅವಳೊಡನೆ ಒಂದು ತಿಂಗಳು ಮಾತಾಡಲಿಲ್ಲ.

ಆ ಗುರುವಾರ ಖಾಲಿಯಿದ್ದದ್ದು ಒಂದೇ ಮಂಚ. ಸಭೆ ನಡೆಯುವ ಕೋಣೆಯ ಪಕ್ಕದಲ್ಲೇ ಹೊದಿಕೆ ಕುದಿಸುವ ಒಲೆ. ಸೋಪಿನ ಹಬೆ ಗೋಡೆ ದಾಟಿ ಬಂದು ಏಳೂ ಜನರ ಕನ್ನಡಕ ಮಂಜಾಗಿಸುತ್ತಿತ್ತು. ಈಗಿನ ಅಧ್ಯಕ್ಷರು ಔಷಧಿ ಅಂಗಡಿಯ ಯಜಮಾನರು, ಯಾವ ಕಾಗದವನ್ನಾದರೂ ಮಾತ್ರೆಯ ಪಟ್ಟಿಯಂತೆ ಏರಿಳಿತವಿಲ್ಲದೆ ಓದುವುದರಲ್ಲಿ ಎತ್ತಿದ ಕೈ. ಮೊದಲ ಇಪ್ಪತ್ತು ಅರ್ಜಿಗಳು ಒಂದೊಂದಾಗಿ ಹಿಂದೆ ಸರಿದವು. ಉಳಿದದ್ದು ಎರಡು.

"ಇಪ್ಪತ್ತೊಂದು" ಎಂದು ಅಧ್ಯಕ್ಷರು ಕನ್ನಡಕ ಒರೆಸಿಕೊಂಡು ಶುರು ಮಾಡಿದರು. "ಗಂಡಸು, ಐವತ್ತೆಂಟು. ಮೇದೋಜೀರಕದ ಕ್ಯಾನ್ಸರ್. ಡಾಕ್ಟರು ಎರಡು ವಾರ ಅಂತ ಬರ್ದಿದಾರೆ, ಬರ್ದು ಹತ್ತು ದಿನ ಆಯ್ತು. ಮನೆಯ ಪರಿಸ್ಥಿತಿ, ನಿಮ್ಮದೇ ಮಾತಿನಲ್ಲಿ..."

ಈ ಕೊನೆಯ ಕಲಮಿನಲ್ಲಿ ಜನ ಸಾಮಾನ್ಯವಾಗಿ ಎರಡು ಸಾಲು ಬರೆಯುತ್ತಾರೆ. ಇದರಲ್ಲಿ ಅರ್ಧ ಪುಟ ಇತ್ತು.

"ಬಸ್ಸು ಓಡಿಸುತ್ತಿದ್ದೆ. ಒಂಬತ್ತು ವರ್ಷದ ಹಿಂದೆ ಕೆಲಸ ಹೋಯಿತು, ತಪ್ಪು ನನ್ನದೇ. ಮನೆ ಎರಡನೇ ಮಹಡಿ, ಮೆಟ್ಟಿಲು ಕಡಿದು. ಹೆಂಡತಿಗೆ ಬೆನ್ನು ಸರಿಯಿಲ್ಲ, ನನ್ನನ್ನು ಎತ್ತಲಾರಳು. ನೋವು ಹೊಟ್ಟೆಯಿಂದ ಬೆನ್ನಿಗೆ ಹೋಗುತ್ತದೆ. ಚಿಕ್ಕಂದಿನಲ್ಲೂ ನನಗೆ ಹೊಟ್ಟೆನೋವು ಬರುತ್ತಿತ್ತು. ಆಗ ನನ್ನ ಅಕ್ಕ ನನ್ನನ್ನು ಬೆನ್ನ ಮೇಲೆ ಹಾಕಿಕೊಂಡು ಮನೆಯೆಲ್ಲ ಸುತ್ತುತ್ತಿದ್ದಳು, ನಿದ್ದೆ ಬರುವವರೆಗೆ. ಈಗ ಹಾಗೆ ಸುತ್ತಿಸುವವರಿಲ್ಲ."

ಆ ಅಕ್ಕ ಯಾರೆಂದು ತಕ್ಕಡಿಯಮ್ಮನಿಗೆ ಗೊತ್ತಿತ್ತು. ತಮ್ಮ. ಅವಳ ಒಬ್ಬನೇ ತಮ್ಮ. ಅವನಿಗೆ ಮೈ ಸರಿಯಿಲ್ಲ ಎಂಬುದೂ ಅವಳಿಗೆ ಗೊತ್ತಿರಲಿಲ್ಲ.

ಒಂಬತ್ತು ವರ್ಷದ ಹಿಂದೆ ಅವನ ಬಸ್ಸು ಒಬ್ಬ ಸೈಕಲ್ ಸವಾರನಿಗೆ ತಗುಲಿ, ಆತನ ಕಾಲು ಹೋಯಿತು. ಅಂದು ಮುಂದಿನ ಸೀಟಿನಲ್ಲಿ ಕೂತಿದ್ದವಳು ಇವಳೇ. ವಿಚಾರಣೆಯ ಹಿಂದಿನ ದಿನ ತಮ್ಮ ಅವಳ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, "ಸುಳ್ಳು ಹೇಳು ಅನ್ನಲ್ಲ ಅಕ್ಕ. ನೋಡ್ಲಿಲ್ಲ ಅಂದ್ಬಿಡು, ಸಾಕು" ಎಂದಿದ್ದ. ಸುಳ್ಳಿಗೂ ಅವಳಿಗೂ ಎಣ್ಣೆ ಸೀಗೇಕಾಯಿ. ನೋಡಲಿಲ್ಲ ಎನ್ನುವುದೂ ಅವಳ ಲೆಕ್ಕದಲ್ಲಿ ಸುಳ್ಳೇ. ಡ್ರೈವರ್ ಹಿಂದೆ ತಿರುಗಿ ಕಂಡಕ್ಟರ್ ಜೊತೆ ಮಾತಾಡುತ್ತಿದ್ದ ಎಂದು ಅಧಿಕಾರಿಯ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿ ಬಂದಳು. ಅವನ ಕೆಲಸ ಹೋಯಿತು. ಆಗಿನ್ನೂ ಬದುಕಿದ್ದ ತಾಯಿ, "ಒಂದು ದಿನ ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವೇನೇ ನಿಂಗೆ?" ಎಂದು ಮುಖ ತಿರುಗಿಸಿದರು. ತಮ್ಮ ಬೈಯಲಿಲ್ಲ, ಬರಲಿಲ್ಲ, ಮಾತಾಡಲಿಲ್ಲ. ತಾಯಿ ಹೋದಾಗಲೂ ಇಬ್ಬರೂ ಕೋಣೆಯ ಎರಡು ಮೂಲೆಯಲ್ಲಿ ನಿಂತು ಅತ್ತು ಮನೆಗೆ ಹೋದರು.

ಎದ್ದು ನಿಲ್ಲಬೇಕಿತ್ತು. 'ಗುರುತು ಸಿಕ್ಕಿತು, ನನ್ನ ತಮ್ಮ' ಎನ್ನಬೇಕಿತ್ತು. ನಾಲ್ಕು ಮಾತು. ಅವಳ ಕೈಗಳು ಕುರ್ಚಿಯ ಅಂಚು ಹಿಡಿದದ್ದು ಏಳಲೆಂದೇ. ಆದರೆ ಎದ್ದರೆ ಏನಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಾನು ಜಗುಲಿ ಮುಟ್ಟುವ ಮೊದಲೇ ಮಂಚ ಅವನದಾಗುತ್ತದೆ. ಬಡಗಿ ತನ್ನತ್ತ ನೋಡಿ ಒಂದು ನಗೆ ನಗುತ್ತಾರೆ. ಇಪ್ಪತ್ತೆರಡನೆಯ ಅರ್ಜಿ ಯಾರದೋ, ಅವರು ತನ್ನ ಮುಲಾಜಿಗೆ ಸಾಯುತ್ತಾರೆ. ಇಷ್ಟೆಲ್ಲ ಯೋಚಿಸುವುದರಲ್ಲಿ ಅಧ್ಯಕ್ಷರು ಇಪ್ಪತ್ತೆರಡಕ್ಕೆ ಬಂದಾಗಿತ್ತು.

ಅದು ಮೂವತ್ತನಾಲ್ಕು ವರ್ಷದ ಹೆಂಗಸಿನದು. ಒಂದೇ ಕೋಣೆಯ ಮನೆ, ಇಬ್ಬರು ಚಿಕ್ಕ ಹೆಣ್ಣುಮಕ್ಕಳು, ಪಾಳಿಯಲ್ಲಿ ಕೆಲಸ ಮಾಡುವ ಗಂಡ. 'ಮಕ್ಕಳ ಎದುರಿಗೆ ಕಿರುಚಬಾರದೆಂದು ಬಾಯಿಗೆ ಬಟ್ಟೆ ಇಟ್ಟುಕೊಳ್ಳುತ್ತೇನೆ' ಎಂದು ಬರೆದಿದ್ದಳು.

"ನಾನು ಒಂದ್ಮಾತು ಹೇಳ್ತೀನಿ" ಎಂದರು ಸಿಸ್ಟರ್. ಅವರು ಸಮಿತಿಯಲ್ಲಿದ್ದ ನಿವೃತ್ತ ನರ್ಸು. "ಇಪ್ಪತ್ತೊಂದಕ್ಕೆ ನೋವು ಜಾಸ್ತಿ, ದಿನ ಕಮ್ಮಿ. ಇಪ್ಪತ್ತೆರಡಕ್ಕೆ ಇನ್ನೂ ಎರಡು ತಿಂಗಳಿದೆ. ಮಾತ್ರೆ ಬದಲಾಯಿಸಿದ್ರೆ ಎರಡು ವಾರ ತಡೀಬಹುದು. ಕಮ್ಮಿ ದಿನ ಇರೋರು ಮೊದಲು. ನಾವು ಯಾವಾಗ್ಲೂ ಹಾಗೇ ತಾನೆ ಮಾಡಿರೋದು?"

"ಮಕ್ಕಳಿದಾವೆ ಸಿಸ್ಟರ್" ಎಂದರು ವಕೀಲರು. "ದಿನ ಎಣಿಸಿದ್ರೆ ಆಗಲ್ಲ."

ಕೂತ ಸಾಲಿನಲ್ಲಿ ಒಬ್ಬೊಬ್ಬರಾಗಿ ನಂಬರು ಹೇಳುವುದು, ಕೊನೆಗೆ ಅಧ್ಯಕ್ಷರು ಹೇಳುವುದು, ಸಮಸಮ ಬಂದರೆ ಅಧ್ಯಕ್ಷರ ಮಾತೇ ಮಾತು. ಅದು ಅಲ್ಲಿನ ಪದ್ಧತಿ. ದರ್ಜಿ ಇಪ್ಪತ್ತೆರಡು ಅಂದರು. ವಕೀಲರು ಇಪ್ಪತ್ತೆರಡು. ಬಡಗಿ ಇಪ್ಪತ್ತೊಂದು. ಸಿಸ್ಟರ್ ಇಪ್ಪತ್ತೊಂದು. ಅಚ್ಚುಕೂಟದವರು ತುಂಬ ಹೊತ್ತು ತಲೆ ಕೆರೆದುಕೊಂಡು ಇಪ್ಪತ್ತೆರಡು ಅಂದರು. ಈಗ ತಕ್ಕಡಿಯಮ್ಮನ ಸರದಿ.

ಅಧ್ಯಕ್ಷರು ಸಿಸ್ಟರ್ ಕಡೆಗೆ ತಲೆಯಾಡಿಸಿದ್ದನ್ನು ಅವಳು ನೋಡಿದ್ದಳು. ಅವರದು ಇಪ್ಪತ್ತೊಂದೇ. ಅಂದರೆ ಅವಳು ಈಗಲೂ ಎದ್ದು ಹೊರಗೆ ಹೋದರೆ ಮೂರು ಮೂರು ಆಗಿ, ಅಧ್ಯಕ್ಷರ ಮಾತಿಗೆ ತಮ್ಮನಿಗೆ ಮಂಚ. ಅವಳು ಇಪ್ಪತ್ತೊಂದು ಅಂದರೂ ತಮ್ಮನಿಗೆ ಮಂಚ. ಬೇರೆ ಯಾರದೇ ಅರ್ಜಿಯಾಗಿದ್ದರೆ ಅವಳು ಸಿಸ್ಟರ್ ಮಾತಿಗೇ ಹೂಂ ಎನ್ನುತ್ತಿದ್ದಳು. ಅದೂ ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದೇ ಎಡವಟ್ಟಾಯಿತು. ನನ್ನವನು ಎಂದು ಹೀಗನ್ನಿಸುತ್ತಿದೆಯೋ, ನ್ಯಾಯ ಎಂದು ಅನ್ನಿಸುತ್ತಿದೆಯೋ ಎಂದು ತನ್ನನ್ನೇ ತೂಗಿ ನೋಡಲು ಹೋದಳು. ಇಷ್ಟು ವರ್ಷ ಊರಿನ ತಕ್ಕಡಿಗಳನ್ನೆಲ್ಲ ಪರೀಕ್ಷೆ ಮಾಡಿದವಳಿಗೆ ತನ್ನದರ ಮುಳ್ಳು ಎಲ್ಲಿ ನಿಂತಿದೆಯೆಂದೇ ಕಾಣಲಿಲ್ಲ.

"ಮೇಡಂ?" ಎಂದರು ಅಧ್ಯಕ್ಷರು.

"ಇಪ್ಪತ್ತೆರಡು" ಎಂದಳು ತಕ್ಕಡಿಯಮ್ಮ.

ಅಲ್ಲಿಗೆ ಮುಗಿಯಿತು. ಅಧ್ಯಕ್ಷರು ತಮ್ಮ ನಂಬರು ಹೇಳುವ ಅಗತ್ಯವೂ ಬೀಳಲಿಲ್ಲ. ಫ್ಲಾಸ್ಕುಗಳ ಮುಚ್ಚಳ ಬಿಚ್ಚಿಕೊಂಡವು. ಅವಳು ಚಹಾ ಕುಡಿಯದೆ ಮನೆಗೆ ಹೋಗಿ, ಸೀರೆಯನ್ನೂ ಬದಲಿಸದೆ ಮಲಗಿದಳು.

ಬೆಳಿಗ್ಗೆ ಔಷಧಿ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ಅವಳು ಅಧ್ಯಕ್ಷರ ಮುಂದೆ ನಿಂತಿದ್ದಳು. ಹೇಳಬೇಕಾದ್ದನ್ನು ನಿಂತಲ್ಲೇ ಹೇಳಿದಳು. ಇಪ್ಪತ್ತೊಂದು ನನ್ನ ತಮ್ಮ, ಗುರುತು ಸಿಕ್ಕಿಯೂ ಸುಮ್ಮನೆ ಕೂತೆ, ನಿಯಮ ಮುರಿದೆ.

ಅಧ್ಯಕ್ಷರು ಕೈಯಲ್ಲಿದ್ದ ಬೀಗವನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟರು. "ಅಯ್ಯೋ! ಒಂದ್ಮಾತು ಹೇಳಬಾರದಿತ್ತೇನ್ರೀ?"

"ಹೇಳಿದ್ರೆ ನನ್ನ ಮುಖ ನೋಡಿ ಕೊಟ್ಬಿಡ್ತಿದ್ರಿ."

"ಮುಖ ನೋಡಿ ಅಲ್ಲ. ನಾನು ಇಪ್ಪತ್ತೊಂದು ಅಂತ್ಲೇ ಹೇಳೋನಿದ್ದೆ. ನೀವು ಎದ್ದು ಹೋಗಿದ್ರೂ ಸಾಕಿತ್ತು." ಅವರು ಅವಳ ಮುಖ ನೋಡಲಾರದೆ ಸಿರಪ್ಪಿನ ಬಾಟಲಿಗಳನ್ನು ಸಾಲಾಗಿ ಜೋಡಿಸತೊಡಗಿದರು. "ಈಗೇನ್ಮಾಡೋದು? ಆ ಹೆಣ್ಣುಮಗಳನ್ನ ಏಳು ಗಂಟೆಗೇ ಕರ್ಕೊಂಡು ಬಂದಾಗಿದೆ. ಎಬ್ಬಿಸಿ ಕಳ್ಸೋಕಾಗತ್ತಾ?"

"ಬೇಡ, ಬೇಡ."

"ಮುಂದಿನ ಮಂಚ ನಿಮ್ಮ ತಮ್ಮನಿಗೇ. ಯಾವುದು ಖಾಲಿಯಾದ್ರೂ ಸರಿ, ನಾನು ಯಾರನ್ನೂ ಕೇಳಲ್ಲ."

ಹೋಗುವ ದಾರಿಯಲ್ಲಿ ಅವಳ ಕಾಲು ತಾನಾಗಿ ಎಂಟು ಮಂಚದ ಮನೆಯೊಳಕ್ಕೆ ತಿರುಗಿತು. ಹೊಸದಾಗಿ ಬಂದ ಹೆಂಗಸು ಬಾಯಿ ಸ್ವಲ್ಪ ತೆರೆದು ನಿದ್ದೆ ಮಾಡುತ್ತಿದ್ದಳು. ಎಷ್ಟು ದಿನದ ಮೇಲೆ ಬಂದ ನಿದ್ದೆಯೋ. ಪಕ್ಕದಲ್ಲಿ ಗಂಡ ಸಮವಸ್ತ್ರದಲ್ಲೇ ಕೂತು ತೂಕಡಿಸುತ್ತಿದ್ದ. ತಕ್ಕಡಿಯಮ್ಮ ಮುಂದೆ ಹೋದಳು. ಮೂರನೆಯ ಮಂಚದ ಮುದುಕರ ಹತ್ತಿರ ನಿಂತು ಅವರ ಎದೆ ಏಳುವುದನ್ನೂ ಇಳಿಯುವುದನ್ನೂ ನೋಡಿದಳು. ಏಳನೆಯ ಮಂಚದ ಅಜ್ಜಿಯ ಪಾದ ಮುಟ್ಟಿ ನೋಡಿದಳು, ತಣ್ಣಗಿದೆಯೇ ಎಂದು. ಅಜ್ಜಿ ಕಣ್ಣು ಬಿಟ್ಟು, "ಹೊದಿಸ್ತೀಯೇನಮ್ಮಾ? ಪುಣ್ಯ ಬರ್ಲಿ ನಿಂಗೆ" ಎಂದರು. ತಾನು ಏನು ಹುಡುಕುತ್ತಿದ್ದೇನೆಂದು ಅವಳಿಗೆ ಆಗ ತಿಳಿಯಿತು. ಹೊದಿಕೆಯನ್ನು ಎಳೆದು ಅಜ್ಜಿಯ ಪಾದ ಮುಚ್ಚಿ, ಯಾರಿಗೂ ಮುಖ ಕೊಡದೆ ಹೊರಗೆ ಬಂದಳು.

ಅಲ್ಲಿಂದ ಸೀದಾ ತಮ್ಮನ ಮನೆಗೆ ಹೋದಳು. ಮೆಟ್ಟಿಲು ನಿಜಕ್ಕೂ ಕಡಿದಾಗಿತ್ತು, ಅರವತ್ತಾರರ ಮಂಡಿ ಎರಡು ಕಡೆ ನಿಂತು ಸುಧಾರಿಸಿಕೊಂಡಿತು. ಎಲ್ಲವನ್ನೂ ಹೇಳಿಬಿಡಬೇಕು ಎಂದುಕೊಂಡೇ ಅವಳು ಹತ್ತಿದಳು. ಬೈದರೆ ಬೈಯಲಿ, ಬಾಗಿಲು ಹಾಕಿಕೊಂಡರೆ ಹಾಕಿಕೊಳ್ಳಲಿ. ಒಂದು ಬೆಲ್ಲಿಗೇ ಬಾಗಿಲು ತೆರೆಯಿತು. ತಮ್ಮನ ಹೆಂಡತಿ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ನಿಂತಿದ್ದಳು.

"ಬಂದ್ರಾ ಅತ್ತಿಗೆ!" ಎಂದವಳು ಅವಳ ಎರಡೂ ಕೈ ಹಿಡಿದುಕೊಂಡು ಅತ್ತೇಬಿಟ್ಟಳು. "ಬರ್ತಾಳೆ, ಬರ್ತಾಳೆ ಅಂತ ಹೇಳ್ತಾನೇ ಇದ್ರು. ನಾನು ನಂಬ್ಲಿಲ್ಲ."

"ನಾನು ಬರ್ತೀನಿ ಅಂತ ಅವನಿಗೆ ಹೇಗೆ ಗೊತ್ತು?"

"ಬೇಕು ಅಂತ್ಲೇ ಹಾಗೆ ಬರ್ಸಿದ್ದು. ಮನೆ ಪರಿಸ್ಥಿತಿ ಬರೀರಿ ಅಂದ್ರೆ ಚಿಕ್ಕಂದಿನ ಹೊಟ್ಟೆನೋವಿನ ಕಥೆ ಯಾಕ್ರೀ ಅಂದೆ. ಅಲ್ಲಿ ನಮ್ಮಕ್ಕ ಕೂತಿರ್ತಾಳೆ, ಕೇಳಿದ ತಕ್ಷಣ ಗುರುತು ಹಿಡೀತಾಳೆ ಅಂದ್ರು. ಹಾಗಾದ್ರೆ ಮಂಚ ಕೊಡಿಸ್ತಾರಾ ಅಂದೆ. ಕೊಡಿಸೋ ಪೈಕಿ ಅಲ್ಲ ಅವಳು ಅಂತ ನಕ್ಕರು. ಆದ್ರೆ ಗುರುತು ಸಿಕ್ಕೋರು ಎದ್ದು ಹೇಳ್ಬೇಕಂತೆ, ಬೋರ್ಡಲ್ಲಿ ಹಾಕಿದಾರೆ. ನಿಯಮ ಅಂದ್ಮೇಲೆ ಅವಳು ಎದ್ದೇ ಏಳ್ತಾಳೆ. ಅಷ್ಟು ಜನರ ಮುಂದೆ ನನ್ನ ತಮ್ಮ ಅಂತಾಳಲ್ಲ, ನಂಗೆ ಅಷ್ಟೇ ಸಾಕು ಅಂದ್ರು."

ಮಂಚ ತಪ್ಪಿಸಿದ್ದಕ್ಕಾದರೆ ತಕ್ಕಡಿಯಮ್ಮನ ಬಳಿ ಒಂದು ಸಮಜಾಯಿಷಿ ಇತ್ತು, ಎರಡು ಮಕ್ಕಳ ತಾಯಿ ಇದ್ದಳು. ಕುರ್ಚಿ ಬಿಟ್ಟು ಏಳದೇ ಹೋದದ್ದಕ್ಕೆ ಏನೂ ಇರಲಿಲ್ಲ.

ಒಳಕೋಣೆಯಲ್ಲಿ ತಮ್ಮ ಗೋಡೆಗೆ ಒರಗಿಸಿದ ಎರಡು ದಿಂಬಿನ ಮೇಲಿದ್ದ. ಬಸ್ಸಿನ ಸ್ಟಿಯರಿಂಗಿಗೆ ಎದೆ ಕೊಟ್ಟು ಕೂರುತ್ತಿದ್ದ ಆಸಾಮಿ ಕರಗಿ ಮೂಳೆ ಉಳಿದಿತ್ತು. ಎಂಟು ಮಂಚದ ಮನೆಯಲ್ಲಿ ಆರು ವರ್ಷ ಓಡಾಡಿದವಳ ಕಣ್ಣು ಮೊದಲು ಹೋದದ್ದು ಮಂಡಿಯ ಕಡೆಗೆ. ಅಲ್ಲಿ ಚರ್ಮ ನೇರಳೆ ಬಣ್ಣಕ್ಕೆ ತಿರುಗಿ ಮಚ್ಚೆ ಮಚ್ಚೆಯಾಗಿತ್ತು. ಉಸಿರು ನಾಲ್ಕು ಸಲ ಬಂದು ನಿಂತು, ಮರೆತುಹೋದದ್ದು ನೆನಪಾದಂತೆ ಮತ್ತೆ ಬರುತ್ತಿತ್ತು. ನಾಳೆ, ತಪ್ಪಿದರೆ ನಾಡಿದ್ದು. ಭಾನುವಾರ ದಾಟುವುದಿಲ್ಲ ಎಂದು ಅವಳಿಗೆ ಯಾವ ಡಾಕ್ಟರೂ ಹೇಳಬೇಕಿರಲಿಲ್ಲ.

"ಅಕ್ಕ" ಎಂದ ತಮ್ಮ. ಒಂಬತ್ತು ವರ್ಷದ ಮೇಲೆ ಕೇಳಿದ ಮಾತು ಅದು.

ಅವಳು ಮಂಚದ ಅಂಚಿನಲ್ಲಿ ಕೂತು ಅವನ ಕೈ ತೆಗೆದುಕೊಂಡಳು. "ಇಷ್ಟು ಆಗೋವರೆಗೂ ಹೇಳಿಕಳಿಸ್ಲಿಲ್ವಲ್ಲೋ."

"ಈಗ ಹೇಳಿಕಳಿಸಿದ್ನಲ್ಲ." ಅವನು ಉಸಿರಿಗಾಗಿ ಕಾದ. "ಎದ್ಯಾ?"

ತಮ್ಮನ ಹೆಂಡತಿ ಬಾಗಿಲಲ್ಲಿ ಬಂದು ನಿಂತಿದ್ದಳು. ತಕ್ಕಡಿಯಮ್ಮ ಬಾಯಿ ತೆರೆದಳು. ಇದ್ದದ್ದನ್ನು ಇದ್ದ ಹಾಗೆ ಹೇಳಲೆಂದೇ ಮೆಟ್ಟಿಲು ಹತ್ತಿ ಬಂದವಳು. ಅವನ ಕಣ್ಣು ಅವಳ ಮುಖ ಬಿಟ್ಟು ಕದಲಲಿಲ್ಲ.

"ಎದ್ದೆ" ಎಂದಳು.

"ಎಲ್ರ ಮುಂದೆ?"

"ಎಲ್ರ ಮುಂದೆ. ಗುರುತು ಸಿಕ್ತು, ನನ್ನ ತಮ್ಮ ಅಂದೆ. ಬಡಗಿ ಇದ್ರು, ವಕೀಲರಿದ್ರು, ಎಲ್ಲಾ ಇದ್ರು."

"ಆಮೇಲೆ?"

"ಆಮೇಲೆ ಹೊರಗೆ ಹೋಗಿ ಜಗುಲೀಲಿ ಕೂತೆ. ಒಳಗೆ ಅವರವರೇ ಮಾತಾಡಿ ನಿಂಗೆ ಕೊಟ್ರು. ಸೋಮವಾರ ಖಾಲಿಯಾಗತ್ತೆ. ಕಿಟಕಿ ಪಕ್ಕದ್ದು. ನೋವು ಬಂದ್ರೆ ಗಂಟೆ ಒತ್ತು, ಸೂಜಿ ಹಿಡ್ಕೊಂಡೇ ಬರ್ತಾರೆ."

ಅಷ್ಟು ಸುಳ್ಳು ಒಟ್ಟಿಗೆ ತನ್ನ ಬಾಯಿಂದ ಬಂದದ್ದು ಅವಳಿಗೇ ನಂಬಲಾಗಲಿಲ್ಲ. ನಾಲಗೆ ತಡವರಿಸಲಿಲ್ಲ, ಧ್ವನಿ ನಡುಗಲಿಲ್ಲ. ತಮ್ಮ ಕಣ್ಣು ಮುಚ್ಚಿದ. ಹುಬ್ಬಿನ ಗಂಟು ಸಡಿಲವಾಯಿತು.

"ನೋಡಿದ್ಯಾ?" ಎಂದ ಹೆಂಡತಿಗೆ. "ಕೊಡಲ್ಲ ಅಂತಾರೇನೋ ಅಂತಿದ್ಯಲ್ಲ ನೀನು. ಅಕ್ಕ ಹೇಳಿದ್ಮೇಲೆ ಮುಗೀತು. ಅವಳು ಸುಳ್ಳು ಹೇಳಲ್ಲ."

"ಸೋಮವಾರ ಅಂದ್ರೆ ಮೂರೇ ದಿನ" ಎಂದಳು ಹೆಂಡತಿ. ಸೊಂಟ ಹಿಡಿದುಕೊಂಡೇ ಬಗ್ಗಿ, ಮಂಚದ ಕೆಳಗಿನಿಂದ ಒಂದು ಚೀಲ ಎಳೆದು ಧೂಳು ಕೊಡವಿದಳು. ಎಷ್ಟೋ ದಿನದಿಂದ ಯಾರೂ ಅವಳಿಗೊಂದು ಒಳ್ಳೆಯ ಸುದ್ದಿ ಹೇಳಿರಲಿಲ್ಲವೆಂದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಬೀರು ತೆರೆದು ಗಂಡನ ಅಂಗಿಗಳನ್ನು ಒಂದೊಂದಾಗಿ ತೆಗೆದು ಮಡಚಿದಳು. ಆಮೇಲೆ ಅನುಮಾನ ಬಂದು ನಿಲ್ಲಿಸಿದಳು.

"ಅತ್ತಿಗೆ, ಅಲ್ಲಿಗೆ ಎಷ್ಟು ಜೊತೆ ಬಟ್ಟೆ ಬೇಕಾಗತ್ತೆ?"

ತಕ್ಕಡಿಯಮ್ಮ ತಮ್ಮನ ಕೈ ಬಿಡಲಿಲ್ಲ. ಬೆರಳ ತುದಿಗಳು ಆಗಲೇ ತಣ್ಣಗಾಗಿದ್ದವು.

"ಎರಡು ಜೊತೆ ಸಾಕು" ಎಂದಳು.